ಮನೆಯ ಗೇಮ್ ಕನ್ಸೋಲ್‌ಗಳ ಮುಂದಿನ ಹತ್ತು ವರ್ಷ: ಯಾವುದನ್ನು ಆಧಾರವಾಗಿಟ್ಟುಕೊಂಡು ಊಹಿಸಬೇಕು?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಬೋಧಿಸುತ್ತೇನೆ. ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗಳಲ್ಲಿಯೂ ಅವುಗಳ ಪರಿಕರಗಳಲ್ಲಿಯೂ ಮುಂದಿನ ಹತ್ತು ವರ್ಷಗಳಲ್ಲಿ ಏನೇನು ಹೊಸತು ಬರಬಹುದು ಎಂಬ ಬಗ್ಗೆ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಒಂದು ಉಪನ್ಯಾಸ ಕೊಡಬೇಕಾಗಿದೆ.

ಹಳೆಯ ಊಹೆಗಳನ್ನು ಓದುತ್ತ ಹೋದಂತೆ ಗೊಂದಲ ಹೆಚ್ಚಾಗುತ್ತಿದೆ. 1989ರ ಪವರ್ ಗ್ಲೌವ್ (ಕೈಗವಸಿನ ರೂಪದ ಕಂಟ್ರೋಲರ್), 1995ರ ವರ್ಚುವಲ್ ಬಾಯ್ (ಇಣುಕಿ ನೋಡಿ ಆಡುವ 3ಡಿ ಕನ್ಸೋಲ್), 2010ರ ಕಿನೆಕ್ಟ್ (ದೇಹದ ಚಲನೆ ಗುರುತಿಸುವ ಕ್ಯಾಮೆರಾ) ಇವೆಲ್ಲ ಬಂದಾಗ ‘ಇನ್ನು ಮುಂದೆ ಎಲ್ಲರೂ ಆಡುವುದು ಹೀಗೆಯೇ’ ಎಂಬಂತೆ ಪ್ರಚಾರ ನಡೆಯಿತು, ಮೂರೂ ಉಳಿಯಲಿಲ್ಲ. 1996ರಲ್ಲಿ ನಿಂಟೆಂಡೊ 64ರ ಕಂಟ್ರೋಲರ್‌ನಲ್ಲಿ ಬಂದ ಅನಲಾಗ್ ಸ್ಟಿಕ್ ಮತ್ತು 1997ರಲ್ಲಿ ಬಂದ ಕಂಪನ ಇವೆರಡೂ ಇಂದು ಇಲ್ಲದ ಕಂಟ್ರೋಲರ್ ಅಪರೂಪ. ಒಂದು ಉಳಿದು ಇನ್ನೊಂದು ಅಳಿದದ್ದಕ್ಕೆ ಕಾರಣವನ್ನು ಮೊದಲು ಹೇಳದೆ ಭವಿಷ್ಯದ ಪಟ್ಟಿಯೊಂದನ್ನು ವಿದ್ಯಾರ್ಥಿಗಳ ಮುಂದಿಡುವುದು ನನಗೆ ಸರಿಯೆನಿಸುತ್ತಿಲ್ಲ. ಕಂಪನಿಗಳು ಸಲ್ಲಿಸುವ ಪೇಟೆಂಟ್ ಅರ್ಜಿಗಳನ್ನು ನೋಡಿ ಊಹಿಸಬಹುದೇ? ಅಥವಾ ಅದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಇದೆಯೇ? ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಸಿಲಿಕಾನ್ ಸಾಲು

ಮೇಡಂ, ನಾನು ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಪರೀಕ್ಷೆಯ ಕೆಲಸದಲ್ಲಿದ್ದೇನೆ. ಪೇಟೆಂಟ್‌ಗಳನ್ನು ಬದಿಗಿಡಿ, ಕಂಪನಿಗಳು ಎಂದೂ ತಯಾರಿಸದ ವಸ್ತುಗಳಿಗೂ ಪೇಟೆಂಟ್ ಪಡೆದಿಟ್ಟುಕೊಳ್ಳುತ್ತವೆ. ಅದಕ್ಕಿಂತ ಮೆಮೊರಿಯ ಲೆಕ್ಕವನ್ನು ವಿದ್ಯಾರ್ಥಿಗಳ ಮುಂದೆ ಬೋರ್ಡಿನ ಮೇಲೆ ಬರೆಯಿರಿ. ಸೋನಿಯ 1994ರ ಮೊದಲ ಪ್ಲೇಸ್ಟೇಷನ್‌ನಲ್ಲಿ ಮುಖ್ಯ ಮೆಮೊರಿ 2 ಎಂಬಿ. 2000ದ ಪ್ಲೇಸ್ಟೇಷನ್ 2ರಲ್ಲಿ 32 ಎಂಬಿ. 2006ರ ಪ್ಲೇಸ್ಟೇಷನ್ 3ರಲ್ಲಿ ಎರಡು ಭಾಗ ಸೇರಿ 512 ಎಂಬಿ. 2013ರ ಪ್ಲೇಸ್ಟೇಷನ್ 4ರಲ್ಲಿ 8 ಜಿಬಿ. ಮೂರು ಸಲವೂ ಸರಿಯಾಗಿ 16 ಪಟ್ಟು ಹೆಚ್ಚಳ. ಆದರೆ 2020ರ ಪ್ಲೇಸ್ಟೇಷನ್ 5ರಲ್ಲಿ ಇರುವುದು 16 ಜಿಬಿ, ಅಂದರೆ ಕೇವಲ 2 ಪಟ್ಟು. ಈ ಒಂದು ಸಾಲಿನಲ್ಲಿಯೇ ಹಳೆಯ ಊಹೆಗಳ ನೆಲೆ ಎಲ್ಲಿ ಕುಸಿಯಿತು ಎಂಬುದು ವಿದ್ಯಾರ್ಥಿಗಳಿಗೆ ಕಾಣುತ್ತದೆ.

ಬೆಲೆಯ ಕಥೆಯೂ ಇದೇ. ಪ್ಲೇಸ್ಟೇಷನ್ 2 ಅಮೆರಿಕದಲ್ಲಿ 299 ಡಾಲರ್‌ಗೆ ಬಂದು 2002ರಲ್ಲಿ 199 ಡಾಲರ್‌ಗೆ ಇಳಿದಿತ್ತು. ಚಿಪ್‌ನ ಗೆರೆಗಳು ಕಿರಿದಾದಂತೆ ಟ್ರಾನ್ಸಿಸ್ಟರ್ ಅಗ್ಗವಾಗುತ್ತಿದ್ದ ಕಾಲ ಅದು. ಈಗ ಗೆರೆ ಕಿರಿದಾಗುತ್ತಿದೆ, ಆದರೆ ಅದಕ್ಕೆ ತಕ್ಕಂತೆ ಬೆಲೆ ಇಳಿಯುತ್ತಿಲ್ಲ. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರುವರಿಯಲ್ಲಿ 49,990 ರೂಪಾಯಿಗೆ ಬಂದು ಮರುವರ್ಷ 54,990 ಆಯಿತು. ಅಮೆರಿಕದಲ್ಲಿ 2025ರ ಆಗಸ್ಟ್‌ನಲ್ಲಿ 499ರಿಂದ 549 ಡಾಲರ್‌ಗೆ ಏರಿತು. ಇದರ ಮೇಲೆ, 2025ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿರುವುದರಿಂದ ಅವುಗಳ ಬೆಲೆಯೂ ಏರಿದೆ.

ಆದ್ದರಿಂದ ಮುಂದಿನ ಪೀಳಿಗೆಯ ಹೊಸತನ ಹೆಚ್ಚು ಚಿತ್ರಬಿಂದುಗಳನ್ನು ಲೆಕ್ಕಹಾಕುವುದರಲ್ಲಿ ಇರುವುದಿಲ್ಲ. ಕಡಿಮೆ ಲೆಕ್ಕಹಾಕಿ ಉಳಿದುದನ್ನು ತುಂಬಿಸುವುದರಲ್ಲಿ ಇರುತ್ತದೆ. 4ಕೆ ಪರದೆಗೆ ಸುಮಾರು 83 ಲಕ್ಷ ಬಿಂದುಗಳು ಬೇಕು. 1080ಪಿ ಚಿತ್ರಕ್ಕೆ ಅದರ ನಾಲ್ಕನೇ ಒಂದು ಭಾಗ ಸಾಕು. ಚಿಕ್ಕ ಚಿತ್ರವನ್ನು ರಚಿಸಿ, ತರಬೇತಿ ಪಡೆದ ನರಜಾಲದ (ನ್ಯೂರಲ್ ನೆಟ್‌ವರ್ಕ್) ಮೂಲಕ ಅದನ್ನು ದೊಡ್ಡದಾಗಿಸುವ ವಿಧಾನ 2024ರ ಪ್ಲೇಸ್ಟೇಷನ್ 5 ಪ್ರೋದಲ್ಲಿ ಪಿಎಸ್‌ಎಸ್‌ಆರ್ ಎಂಬ ಹೆಸರಿನಲ್ಲಿಯೂ, 2025ರ ನಿಂಟೆಂಡೊ ಸ್ವಿಚ್ 2ರಲ್ಲಿ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಆಗಿಯೂ ಬಂದಾಗಿದೆ. 2025ರ ಅಕ್ಟೋಬರ್‌ನಲ್ಲಿ ಸೋನಿಯ ಮಾರ್ಕ್ ಸೆರ್ನಿ ಮತ್ತು ಚಿಪ್ ಕಂಪನಿ ಎಎಂಡಿಯ ಜ್ಯಾಕ್ ಹುಯಿನ್ ಒಟ್ಟಾಗಿ ವಿವರಿಸಿದ ಯೋಜನೆಯೂ ಇದೇ ದಿಕ್ಕಿನದು: ನರಜಾಲದ ಲೆಕ್ಕಗಳಿಗಾಗಿ ಗಣಕ ಘಟಕಗಳನ್ನು ಜೊತೆಗೂಡಿಸುವುದು, ಬೆಳಕಿನ ಕಿರಣಗಳ ಜಾಡು ಹಿಡಿಯಲು ಪ್ರತ್ಯೇಕ ಘಟಕ, ಮೆಮೊರಿಗೆ ಹೋಗಿಬರುವ ಎಲ್ಲ ದತ್ತಾಂಶವನ್ನೂ ಕುಗ್ಗಿಸುವ ವ್ಯವಸ್ಥೆ. ಇವುಗಳಲ್ಲಿ ಕೊನೆಯದರ ಗುರಿ ಮೆಮೊರಿಯ ದಾರಿಯನ್ನು ಮಿತವಾಗಿ ಬಳಸುವುದು. ಪ್ಲೇಸ್ಟೇಷನ್ ಪೀಳಿಗೆಗಳ ನಡುವಿನ ಹಿಂದಿನ ಎರಡು ಅಂತರಗಳು ಏಳೇಳು ವರ್ಷಗಳಾಗಿದ್ದವು. ಮುಂದಿನ ಅಂತರ ಅದಕ್ಕಿಂತ ಹೆಚ್ಚಾದರೆ ನನಗೆ ಆಶ್ಚರ್ಯವಾಗದು.

ಉತ್ತರ 2: ಹಳೆ ಕ್ಯಾಸೆಟ್

ಸಿಲಿಕಾನ್ ಸಾಲು ಅವರು ಪೆಟ್ಟಿಗೆಯ ಒಳಗಿನದನ್ನು ಹೇಳಿದರು. ಮೇಡಂ ಕೇಳಿದ ಮುಖ್ಯ ಪ್ರಶ್ನೆ, ಅಂದರೆ ಯಾವುದು ಉಳಿಯುತ್ತದೆ ಎಂಬುದು, ಪೆಟ್ಟಿಗೆಯ ಹೊರಗೆ, ಕೈಯಲ್ಲಿ ಮತ್ತು ಮನೆಯಲ್ಲಿ ತೀರ್ಮಾನವಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ನಿಂಟೆಂಡೊದ ಗುನ್‌ಪೆ ಯೊಕೊಯ್ ಅವರ ವಿಚಾರವೊಂದಿದೆ: ಹೊಚ್ಚ ಹೊಸ ತಂತ್ರಜ್ಞಾನದ ಬೆನ್ನುಹತ್ತುವ ಬದಲು, ಬೇರೆಡೆ ಬಳಕೆಯಾಗಿ ಹಳತಾಗಿ ಅಗ್ಗವಾಗಿರುವುದನ್ನು ಯಾರೂ ಯೋಚಿಸದ ಕಡೆಗೆ ತಿರುಗಿಸುವುದು. ಇಂದು ಬಹುತೇಕ ಕಂಟ್ರೋಲರ್‌ಗಳಲ್ಲಿರುವ ಕೂಡಿಸು ಚಿಹ್ನೆಯಾಕಾರದ ದಿಕ್ಕಿನ ಗುಂಡಿ 1982ರಲ್ಲಿ ಅವರ ಕೈಯಿಂದಲೇ ಬಂದದ್ದು. 2006ರ ವೀ ಕನ್ಸೋಲ್‌ನ ರಿಮೋಟ್ ಈ ವಿಚಾರದ ಅತ್ಯುತ್ತಮ ನಿದರ್ಶನ. ಅದರೊಳಗಿದ್ದ ವೇಗೋತ್ಕರ್ಷ ಸಂವೇದಕವನ್ನು (ಆಕ್ಸೆಲೆರೋಮೀಟರ್) ಅನಲಾಗ್ ಡಿವೈಸಸ್ ಕಂಪನಿ ತಯಾರಿಸಿತ್ತು, ಮತ್ತು ಅಂಥ ಸಂವೇದಕಗಳು ಸಾಮೂಹಿಕವಾಗಿ ತಯಾರಾಗಿ ಅಗ್ಗವಾಗತೊಡಗಿದ್ದು 1990ರ ದಶಕದಲ್ಲಿ ಕಾರುಗಳ ಏರ್‌ಬ್ಯಾಗ್‌ಗಳಿಗಾಗಿ. ವೀ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಹಾಗಾಗಿ ಊಹಿಸುವವರು ಗೇಮ್ ಕಂಪನಿಗಳ ಪ್ರದರ್ಶನಗಳನ್ನು ನೋಡುವುದಕ್ಕಿಂತ ಕಾರು, ಫೋನ್ ಮತ್ತು ಕೈಗಡಿಯಾರಗಳಲ್ಲಿ ಇಂದು ಯಾವ ಬಿಡಿಭಾಗ ಅಗ್ಗವಾಗುತ್ತಿದೆ ಎಂದು ನೋಡಬೇಕು.

ಅಗ್ಗವಾದರೆ ಮಾತ್ರ ಸಾಲದು ಎಂಬುದನ್ನು ಕಿನೆಕ್ಟ್ ತೋರಿಸಿತು. ಮೊದಲ 60 ದಿನಗಳಲ್ಲಿಯೇ 80 ಲಕ್ಷ ಕಿನೆಕ್ಟ್‌ಗಳು ಹೊರಬಿದ್ದಿದ್ದವು. ಆದರೆ ಒಬ್ಬರು ಆಡಬೇಕಾದರೆ ಟಿವಿಯಿಂದ ಆರು ಅಡಿ, ಇಬ್ಬರಾದರೆ ಎಂಟು ಅಡಿ ದೂರ ನಿಲ್ಲಬೇಕಿತ್ತು. ನಮ್ಮ ಊರುಗಳ ಎರಡು ಕೋಣೆಯ ಮನೆಯಲ್ಲಿ ಹಾಲ್‌ನ ಟೀಪಾಯಿ ಎತ್ತಿ, ದಿವಾನವನ್ನು ಗೋಡೆಗೆ ಒತ್ತಿದರೂ ಅಷ್ಟು ಜಾಗ ಸಿಗುವುದು ಕಷ್ಟ. ಟೋಕಿಯೋದ ಮನೆಗಳಲ್ಲಿಯೂ ಇದೇ ಪಾಡು. 2013ರಲ್ಲಿ ಅದನ್ನು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್ ಕನ್ಸೋಲ್ ಜೊತೆ ಕಡ್ಡಾಯವಾಗಿ ಸೇರಿಸಿದಾಗ, ಹಾಲ್‌ನಲ್ಲಿ ಸದಾ ಕಣ್ಣು ತೆರೆದ ಕ್ಯಾಮೆರಾ ಬೇಡವೆಂದು ಜನ ಹಿಂಜರಿದರು. ಮರುವರ್ಷವೇ ಕಿನೆಕ್ಟ್ ಇಲ್ಲದ ಪೆಟ್ಟಿಗೆ 100 ಡಾಲರ್ ಕಡಿಮೆಗೆ ಬಂತು. ಮೊದಲ ಕಿನೆಕ್ಟ್‌ನ ಹಿಂದಿದ್ದ ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯನ್ನು ಆ್ಯಪಲ್ ಕೊಂಡುಕೊಂಡಿತು. ಇಂದು ಐಫೋನ್ ಮುಖ ಗುರುತಿಸುವ ವಿಧಾನ ಅದೇ ವಂಶದ್ದು.

ಆದ್ದರಿಂದ ನನ್ನ ಮೊದಲ ಊಹೆ: ದೇಹದ ಚಲನೆಯನ್ನು ಗುರುತಿಸುವ ಆಟಗಳು ಮರಳಿ ಬರುತ್ತವೆ, ಆದರೆ ಕ್ಯಾಮೆರಾದ ಮೂಲಕ ಅಲ್ಲ, ರೇಡಾರ್ ಮೂಲಕ. 2024ರಲ್ಲಿ ನಿಂಟೆಂಡೊ ‘ಅಲಾರ್ಮೊ’ ಎಂಬ ಅಲಾರಂ ಗಡಿಯಾರ ತಂದಿತು. ಮಲಗಿದವರು ಹಾಸಿಗೆಯ ಮೇಲೆ ಮಗ್ಗುಲು ಬದಲಿಸುವುದನ್ನೂ ಎದ್ದು ಹೋಗುವುದನ್ನೂ ಅದು ರೇಡಿಯೋ ತರಂಗಗಳಿಂದ ತಿಳಿಯುತ್ತದೆ. ಚಿತ್ರ ತೆಗೆಯುವುದೇ ಇಲ್ಲ. ಅನೇಕರು ಅದನ್ನು ಆಟಿಕೆಯೆಂದು ಪಕ್ಕಕ್ಕಿಟ್ಟರು. ನನಗೆ ಅದು ಕನ್ಸೋಲ್‌ನ ಪರಿಕರವೊಂದರ ಪೂರ್ವಾಭ್ಯಾಸದಂತೆ ಕಾಣುತ್ತದೆ, ಏಕೆಂದರೆ ಕಿನೆಕ್ಟ್‌ಗೆ ಅಡ್ಡಬಂದ ಎರಡು ತೊಡಕುಗಳಲ್ಲಿ ಒಂದನ್ನು ಅದು ಪೂರ್ತಿಯಾಗಿ ನಿವಾರಿಸುತ್ತದೆ.

ತಲೆಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. 2023ರ ಪ್ಲೇಸ್ಟೇಷನ್ ವಿಆರ್2 ಸುಮಾರು 560 ಗ್ರಾಂ ತೂಗುತ್ತದೆ, ಮತ್ತು ಬಂದಾಗ ಅದರ ಬೆಲೆ ಕನ್ಸೋಲ್‌ಗಿಂತಲೂ ಹೆಚ್ಚಾಗಿತ್ತು. ಆದರೆ ಅದರೊಳಗಿನ ಒಂದು ಉಪಾಯ ಉಳಿಯುತ್ತದೆ: ಕಣ್ಣು ನೋಡುತ್ತಿರುವ ಭಾಗವನ್ನು ಮಾತ್ರ ಸ್ಪಷ್ಟವಾಗಿ ರಚಿಸಿ, ಸುತ್ತಲಿನದನ್ನು ಕಡಿಮೆ ವಿವರದಲ್ಲಿ ಬಿಡುವುದು. ಮೆಮೊರಿ ದುಬಾರಿಯಾದ ಕಾಲಕ್ಕೆ ಅದು ಹೇಳಿ ಮಾಡಿಸಿದಂತಿದೆ.

ಉತ್ತರ 3: ಬೆಸುಗೆ ಬೆಂಚು

ನಾನು ಹುಬ್ಬಳ್ಳಿಯಲ್ಲಿ ರಿಪೇರಿ ಅಂಗಡಿ ನಡೆಸುತ್ತೇನೆ. ಹೊಸತು ಎಂದರೆ ಕಣ್ಣಿಗೆ ಕಾಣುವಂಥದ್ದೇ ಆಗಬೇಕಿಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳಿ ಮೇಡಂ. ನಮ್ಮಲ್ಲಿಗೆ ಬರುವ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವು, ಯಾವ ಕಂಪನಿಯದೇ ಆಗಲಿ, ‘ಕೈ ಬಿಟ್ಟರೂ ತಾನೇ ನಡೆಯುತ್ತೆ’ ಎಂಬ ದೂರಿನವು. ಬಿಚ್ಚಿದರೆ ಕಾರಣ ಕಣ್ಣೆದುರಿಗೇ ಇರುತ್ತದೆ. ಹೆಚ್ಚಿನವುಗಳಲ್ಲಿ ಸ್ಟಿಕ್‌ನ ಪಕ್ಕದ ಮುಚ್ಚಳದ ಒಳಗೆ ಕಪ್ಪು ಇಂಗಾಲದ ಪಟ್ಟಿಯೊಂದಿದೆ. ಲೋಹದ ಚಿಕ್ಕ ನಾಲಗೆಯೊಂದು ಅದರ ಮೇಲೆ ಸದಾ ಉಜ್ಜುತ್ತಿರುತ್ತದೆ. ಪಟ್ಟಿ ಸವೆದ ಜಾಗದಲ್ಲಿ ಗೆರೆ ಬಿದ್ದು ಪುಡಿ ಕೂತಿರುತ್ತದೆ, ಮತ್ತು ನಡುಬಿಂದುವಿನ ಅಳತೆ ಅಲ್ಲಿಂದ ತಪ್ಪುತ್ತದೆ. ಹೊಸ ಸ್ಟಿಕ್ ಹಾಕಬೇಕೆಂದರೆ ಒಂದಕ್ಕೆ ಹದಿನಾಲ್ಕು ಬೆಸುಗೆಗಳನ್ನು ಬೋರ್ಡಿನ ತಾಮ್ರ ಕೀಳದಂತೆ ಬಿಡಿಸಬೇಕು.

ಆಯಸ್ಕಾಂತ ಮತ್ತು ಅದರ ಬಲವನ್ನು ಅಳೆಯುವ ‘ಹಾಲ್’ ಸಂವೇದಕದ ಸ್ಟಿಕ್‌ನಲ್ಲಿ ಉಜ್ಜುವ ಭಾಗವೇ ಇಲ್ಲ. ಇದು ಹೊಸ ವಿದ್ಯೆಯೂ ಅಲ್ಲ. ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಕಂಟ್ರೋಲರ್‌ನಲ್ಲಿ 1998ರಲ್ಲಿಯೇ ಇತ್ತು. ಈಗ ಟಿಎಂಆರ್ ಎಂಬ, ಇನ್ನೂ ಕಡಿಮೆ ವಿದ್ಯುತ್ ಬೇಡುವ ಬಗೆಯೂ ಸಣ್ಣ ತಯಾರಕರ ಕಂಟ್ರೋಲರ್‌ಗಳಲ್ಲಿ ಸಿಗುತ್ತಿದೆ. ಆದರೂ 2025ರ ಸ್ವಿಚ್ 2ರ ಜಾಯ್-ಕಾನ್ ಕಂಟ್ರೋಲರ್‌ಗಳಲ್ಲಿ ಹಾಲ್ ಸ್ಟಿಕ್ ಇಲ್ಲವೆಂದು ನಿಂಟೆಂಡೊದವರೇ ಹೇಳಿದ್ದಾರೆ. ಸೋನಿಯ ಡ್ಯುಯಲ್‌ಸೆನ್ಸ್ ಎಡ್ಜ್‌ನಲ್ಲಿ 2023ರಿಂದ ಸ್ಟಿಕ್‌ನ ಇಡೀ ಘಟಕವನ್ನೇ ಕೈಯಲ್ಲಿ ತೆಗೆದು ಬದಲಿಸಬಹುದು, ಆದರೆ ಅದು ದುಬಾರಿ ಕಂಟ್ರೋಲರ್. ಈ ಎರಡರಲ್ಲೊಂದು ಮುಂದಿನ ಪೀಳಿಗೆಯಲ್ಲಿ ಪೆಟ್ಟಿಗೆಯ ಜೊತೆ ಬರುವ ಸಾಮಾನ್ಯ ಕಂಟ್ರೋಲರ್‌ಗೂ ಬರಬೇಕು, ಬರುತ್ತದೆ ಎಂದೇ ನಾನು ನಂಬಿದ್ದೇನೆ.

ಬ್ಯಾಟರಿಯ ವಿಷಯದಲ್ಲಿ ಊಹೆಯ ಅಗತ್ಯವೂ ಕಡಿಮೆ, ಏಕೆಂದರೆ ಅಲ್ಲಿ ಕಾನೂನೇ ದಾರಿ ಹಾಕಿದೆ. ಐರೋಪ್ಯ ಒಕ್ಕೂಟದಲ್ಲಿ 2027ರ ಫೆಬ್ರುವರಿ 18ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟು, ಕೈಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು. ಒಂದು ಖಂಡಕ್ಕೆ ಒಂದು ಅಚ್ಚು, ಇನ್ನೊಂದು ಖಂಡಕ್ಕೆ ಮತ್ತೊಂದು ಅಚ್ಚು ಇಟ್ಟುಕೊಳ್ಳುವುದು ಕಂಪನಿಗಳಿಗೆ ದುಬಾರಿಯಾದ್ದರಿಂದ ಅದರ ಪ್ರಯೋಜನ ಹುಬ್ಬಳ್ಳಿಗೂ ತಲುಪುವ ಸಾಧ್ಯತೆ ಹೆಚ್ಚು. ನನಗೆ ಒಂದಿಷ್ಟು ಕೆಲಸ ಕಡಿಮೆಯಾದರೂ ಅದು ಬರಲಿ ಎಂಬುದೇ ನನ್ನ ಆಸೆ.

ತುಂಗಾತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೆಮೊರಿಯ ಲೆಕ್ಕದಿಂದಲೇ ಉಪನ್ಯಾಸವನ್ನು ಆರಂಭಿಸುತ್ತೇನೆ. ಇನ್ನೆರಡು ಸಂದೇಹಗಳಿವೆ. ಆಟ ದೂರದ ಸರ್ವರ್‌ನಲ್ಲಿ ನಡೆದು ಚಿತ್ರ ಮಾತ್ರ ಮನೆಗೆ ಬರುವ ಕ್ಲೌಡ್ ಪದ್ಧತಿಯಲ್ಲಿ ಕನ್ಸೋಲ್ ಎಂಬ ಪೆಟ್ಟಿಗೆಯೇ ಬೇಡವಾಗುತ್ತದೆಯೇ? ಹಾಗೆಯೇ, ನಮ್ಮ ತರಗತಿಯಲ್ಲಿ ಕೈಗಳ ಚಲನೆ ಸೀಮಿತವಾಗಿರುವ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಈ ಹೊಸತನಗಳಲ್ಲಿ ಅವಳ ಪಾಲು ಎಲ್ಲಿದೆ ಎಂಬುದನ್ನೂ ಹೇಳಬೇಕೆಂದಿದ್ದೇನೆ.

ಉತ್ತರ 4: ತಂತಿಜಾಡು

ಮೇಡಂ, ನನ್ನ ಕೆಲಸ ನೆಟ್‌ವರ್ಕ್ ನಿರ್ವಹಣೆ. ದೂರವನ್ನು ಮೊದಲು ಲೆಕ್ಕಹಾಕೋಣ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಮುಂಬೈಗೆ 1000 ಕಿ.ಮೀ. ಎಂದುಕೊಂಡರೂ ಹೋಗಿಬರಲು 10 ಮಿಲಿಸೆಕೆಂಡು. ಸೆಕೆಂಡಿಗೆ 60 ಚಿತ್ರಗಳ ಆಟದಲ್ಲಿ ಒಂದು ಚಿತ್ರದ ಅವಧಿಯೇ ಸುಮಾರು 16.7 ಮಿಲಿಸೆಕೆಂಡು. ಹೀಗಾಗಿ ದೂರ ಅಷ್ಟು ದೊಡ್ಡ ಅಡ್ಡಿಯಲ್ಲ. ಸರ್ವರ್ ಚಿತ್ರವನ್ನು ಕುಗ್ಗಿಸುವುದು, ಮನೆಯ ವೈಫೈಯಲ್ಲಿ ಅಕ್ಕಪಕ್ಕದ ಮನೆಗಳ ಸಂಕೇತಗಳೊಡನೆ ಅದು ಹೆಣಗುವುದು, ಟಿವಿ ಅದನ್ನು ಬಿಚ್ಚಿ ತೋರಿಸುವುದು ಇವು ಒಂದರ ಮೇಲೊಂದು ಸೇರಿ ವಿಳಂಬವಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಆ ವಿಳಂಬ ಕ್ಷಣಕ್ಷಣಕ್ಕೂ ಬದಲಾಗುತ್ತದೆ.

2019ರಲ್ಲಿ ಬಂದ ಗೂಗಲ್‌ನ ಸ್ಟೇಡಿಯಾ 2023ರ ಜನವರಿ 18ರಂದು ಮುಚ್ಚಿತು. ಆದರೆ ಅದರ ಕಂಟ್ರೋಲರ್‌ನಲ್ಲಿದ್ದ ಒಂದು ಯೋಚನೆ ಒಳ್ಳೆಯದು: ಗುಂಡಿ ಒತ್ತಿದ ಸಂಕೇತ ಟಿವಿಯ ಮೂಲಕ ಸುತ್ತಿ ಹೋಗದೆ ವೈಫೈ ಮೂಲಕ ನೇರವಾಗಿ ಸರ್ವರ್‌ಗೆ ಹೋಗುತ್ತಿತ್ತು. ಈ ಯೋಚನೆ ಬೇರೆ ಕಂಪನಿಗಳ ಕಂಟ್ರೋಲರ್‌ಗಳಲ್ಲಿ ಮತ್ತೆ ಬರುತ್ತದೆಂದು ನನ್ನ ನಿರೀಕ್ಷೆ. ಪೆಟ್ಟಿಗೆಯಂತೂ ಹೋಗದು, ಬಿಡಿಭಾಗಗಳಾಗಿ ಒಡೆಯುತ್ತದೆ. ಪ್ಲೇಸ್ಟೇಷನ್ 5ರ 2023ರ ತೆಳು ಮಾದರಿಯಲ್ಲಿ ಡಿಸ್ಕ್ ಡ್ರೈವ್ ಆಗಲೇ ಕಳಚಿ ಜೋಡಿಸುವ ಪರಿಕರವಾಯಿತು, 2024ರ ಪ್ರೋದಲ್ಲಿ ಅದನ್ನು ಬೇರೆಯಾಗಿಯೇ ಕೊಳ್ಳಬೇಕು. ಆಡಿ ಮುಗಿಸಿದ ಡಿಸ್ಕ್ ಮಾರಿ ಆ ಹಣದಲ್ಲಿ ಮುಂದಿನದನ್ನು ಕೊಳ್ಳುವ ನಮ್ಮ ಹುಡುಗರಿಗೆ ಇದು ಸಣ್ಣ ವಿಷಯವಲ್ಲ.

ಉತ್ತರ 5: ಕೈಗೆಟುಕು

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸಲೆಂದೇ ಬರೆಯುತ್ತಿದ್ದೇನೆ. ಮಂಗಳೂರಿನಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್ ಆಗಿದ್ದೇನೆ. 2018ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ನ ಮೇಲೆ ಎರಡು ದೊಡ್ಡ ಗುಂಡಿಗಳಿವೆ, ಹಿಂಬದಿಯಲ್ಲಿ 3.5 ಮಿ.ಮೀ. ಅಳತೆಯ 19 ಕುಳಿಗಳಿವೆ. ನಮ್ಮ ವೃತ್ತಿಯಲ್ಲಿ ದಶಕಗಳಿಂದ ಬಳಸುತ್ತಿರುವ ಸ್ವಿಚ್‌ಗಳ ಪಿನ್ ಅದೇ ಅಳತೆಯದು. ಹಾಗಾಗಿ ಮೊಣಕಾಲಿನ ಪಕ್ಕ ಒಂದು, ತಲೆಯ ಬದಿಗೆ ಒಂದು, ಪಾದದ ಕೆಳಗೆ ಒಂದು ಎಂದು ಈಗಾಗಲೇ ಇರುವ ಸ್ವಿಚ್‌ಗಳನ್ನೇ ಸಿಕ್ಕಿಸಿ ಆಡಿಸಬಹುದು. 2023ರ ಡಿಸೆಂಬರ್‌ನಲ್ಲಿ ಸೋನಿಯ ಆ್ಯಕ್ಸೆಸ್ ಕಂಟ್ರೋಲರ್ ಬಂತು. ಅದು ದುಂಡಗಿದೆ, ಮೇಜಿನ ಮೇಲೆ ಯಾವ ಕೋನದಲ್ಲಾದರೂ ಇಟ್ಟುಕೊಳ್ಳಬಹುದು.

ಮುಂದೆ ಬರಬೇಕಾದದ್ದು ಇದರ ನಂತರದ ಹೆಜ್ಜೆ. ವಿಆರ್‌ಗಾಗಿ ಬೆಳೆದ ಕಣ್ಣಿನ ಜಾಡು ಹಿಡಿಯುವ ಸಂವೇದಕವೂ, ಹಳೆ ಕ್ಯಾಸೆಟ್ ಅವರು ಹೇಳಿದ ರೇಡಾರ್ ಸಂವೇದಕವೂ ಬೆರಳಾಡದವರಿಗೆ ಎಲ್ಲರಿಗಿಂತ ಮೊದಲು ಉಪಯೋಗಕ್ಕೆ ಬರುತ್ತವೆ. ಆದರೆ ಅವು ಪ್ರತಿ ಆಟದವರೂ ಪ್ರತ್ಯೇಕವಾಗಿ ಅಳವಡಿಸಲೆಂದು ಕಾಯದೆ, ಕನ್ಸೋಲ್‌ನ ವ್ಯವಸ್ಥೆಯ ಮಟ್ಟದಲ್ಲಿಯೇ ಸಾಮಾನ್ಯ ಗುಂಡಿಗಳ ಬದಲಿಗೆ ಕೆಲಸ ಮಾಡುವಂತಿರಬೇಕು. ನಿಮ್ಮ ವಿದ್ಯಾರ್ಥಿಗಳು ಅಂತಿಮ ವರ್ಷದವರೆಂದಿರಿ. 3.5 ಮಿ.ಮೀ. ಪಿನ್, ಮೃದುವಾಗಿ ಒತ್ತಿದರೂ ಸ್ಪಂದಿಸುವ ಮೈಕ್ರೋಸ್ವಿಚ್, 3ಡಿ ಮುದ್ರಣದ ಮುಚ್ಚಳ ಇಷ್ಟರಿಂದ ಒಂದು ಸ್ವಿಚ್ ತಯಾರಾಗುತ್ತದೆ. ಆಮದಾಗಿ ಬರುವವು ನಮ್ಮ ಕುಟುಂಬಗಳಿಗೆ ತೀರ ದುಬಾರಿ. ಯೋಜನಾ ಕಾರ್ಯಕ್ಕೆ ಇದನ್ನು ಆರಿಸಿಕೊಳ್ಳುವ ತಂಡವಿದ್ದರೆ, ಎಷ್ಟು ಒತ್ತಡಕ್ಕೆ ಗುಂಡಿ ಸ್ಪಂದಿಸಬೇಕು, ಅಂಚು ಎಷ್ಟು ತಗ್ಗಿರಬೇಕು ಎಂಬ ಅಳತೆಗಳನ್ನು ನಾನು ಕಳುಹಿಸಿಕೊಡುತ್ತೇನೆ. ಮೊದಲ ಮಾದರಿಯನ್ನು ನಿಮ್ಮ ಆ ವಿದ್ಯಾರ್ಥಿನಿಯೇ ಪರೀಕ್ಷಿಸಿ ಅಭಿಪ್ರಾಯ ಹೇಳಲಿ.