ಹೊಟ್ಟೆನೋವು ಜೋರು, ಸ್ಕ್ಯಾನ್ ಮಾತ್ರ ನಾರ್ಮಲ್: ನೀವಾದರೆ ಏನು ನೋಡುತ್ತಿದ್ದಿರಿ?

ಕೇಳಿದ್ದು

ನಾನು ಎಮರ್ಜೆನ್ಸಿಯಲ್ಲಿರುವ ಜೂನಿಯರ್ ಡಾಕ್ಟರ್. ನಿನ್ನೆ ರಾತ್ರಿ 28 ವರ್ಷದ ಹೆಂಗಸೊಬ್ಬರು ಬಂದರು. ಆರು ತಿಂಗಳಲ್ಲಿ ಇದು ಮೂರನೇ ಸಲ. ನೋವಿಗೆ ಮಂಚದ ಕಂಬಿ ಹಿಡಿದು ಒದ್ದಾಡುತ್ತಾರೆ. ಕೈಯಿಟ್ಟು ನೋಡಿದರೆ ಹೊಟ್ಟೆ ಮೆತ್ತಗಿದೆ. ಅಲ್ಟ್ರಾಸೌಂಡ್, ಸಿಟಿ ಎರಡೂ ನಾರ್ಮಲ್. ಗರ್ಭಿಣಿಯಲ್ಲ. ಹಿಂದಿನ ಸಲ ಬೇರೆ ಕಡೆ ಅಪೆಂಡಿಕ್ಸ್ ತೆಗೆದಿದ್ದಾರೆ, ಅದರಲ್ಲೂ ಏನೂ ತೊಂದರೆ ಇರಲಿಲ್ಲವಂತೆ. ನಾಡಿ 124, ಬಿಪಿ 160/100, ಸೋಡಿಯಂ 125. ಹಳೇ ಫೈಲಿನಲ್ಲಿ 'ಮಾನಸಿಕ' ಎಂದು ಬರೆದಿದ್ದಾರೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಅಪರೂಪದ ಕಾರಣಗಳು ನಿಮಗೆ ಹೇಗೆ ಸಿಕ್ಕವು, ಹೇಳುತ್ತೀರಾ?

ಒಬ್ಬ ಫಿಸಿಷಿಯನ್

ಮೊದಲು ಮೂತ್ರ ನೋಡಿ. ಸ್ವಲ್ಪ ಹಿಡಿದು ಬೆಳಕಿರುವ ಕಿಟಕಿ ಹತ್ತಿರ ಇಡಿ. ಕೆಲವು ಗಂಟೆಗಳಲ್ಲಿ ಕೆಂಪು ಕಂದು ಬಣ್ಣಕ್ಕೆ ತಿರುಗಿದರೆ ಪೋರ್ಫೈರಿಯಾ ಎಂಬ ಅಪರೂಪದ ರೋಗದ ಅನುಮಾನ ಗಟ್ಟಿಯಾಗುತ್ತದೆ. ತಿರುಗದಿದ್ದರೂ ಕೈಬಿಡಬೇಡಿ. ಲ್ಯಾಬಿಗೆ ಕಳಿಸುವುದು ಮಾತ್ರ ಇದಕ್ಕೆ ಉಲ್ಟಾ: ಬೆಳಕು ಬೀಳದ ಹಾಗೆ ಫಾಯಿಲ್ ಸುತ್ತಿ ಕಳಿಸಬೇಕು. ಚೀಟಿಯಲ್ಲಿ ಪೋರ್ಫೋಬಿಲಿನೋಜೆನ್ (ಈ ರೋಗದಲ್ಲಿ ಮೂತ್ರದಲ್ಲಿ ಏರುವ ವಸ್ತು) ಎಂದು ಸ್ಪಷ್ಟವಾಗಿ ಬರೆಯಿರಿ. ಸುಮ್ನೆ 'ಪೋರ್ಫೈರಿನ್' ಎಂದರೆ ಬೇರೆ ಪರೀಕ್ಷೆಯ ರಿಪೋರ್ಟ್ ಬಂದು ಇನ್ನಷ್ಟು ಗೊಂದಲವಾಗುತ್ತದೆ. ನೋವು ಇರುವಾಗಲೇ ಹಿಡಿಯಿರಿ.

ಪ್ರಾಯದ ಹೆಂಗಸು, ಮತ್ತೆ ಮತ್ತೆ ಬರುವ ನೋವು, ಮೆತ್ತಗಿನ ಹೊಟ್ಟೆ, ಓಡುವ ನಾಡಿ, ಇಳಿದ ಸೋಡಿಯಂ. ಇಷ್ಟೂ ಒಟ್ಟಿಗೆ ಕಂಡರೆ ಇದನ್ನು ಯೋಚಿಸಲೇಬೇಕು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ತಯಾರಾಗುವ ದಾರಿಯಲ್ಲಿ ಒಂದು ಕಿಣ್ವ ಅರ್ಧದಷ್ಟೇ ಕೆಲಸ ಮಾಡುತ್ತದೆ. ನಡುವೆ ಉಳಿದ ಸಾಮಾನು ಲಿವರ್‌ನಿಂದ ರಕ್ತಕ್ಕೆ ಬಂದು ನರಗಳನ್ನು ಕಾಡುತ್ತದೆ. ನೋವು ನರದ್ದು, ಕರುಳಿನದ್ದಲ್ಲ. ಸಿಟಿಯಲ್ಲಿ ಕಾಣುವುದು ಹೇಗೆ?

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ಇಂಥದ್ದೇ ರೋಗಿಗೆ ವಾರ್ಡಿನಲ್ಲಿ ಫಿಟ್ಸ್ ಬಂತು. ಸೋಡಿಯಂ ಕುಸಿದಿದ್ದೇ ಕಾರಣ. ನಾನು ಕೈಗೆ ಸಿಕ್ಕ ಫೆನಿಟಾಯಿನ್ ಕೊಟ್ಟೆ. ಮೂರನೇ ದಿನ ಆಕೆಗೆ ನೀರಿನ ಲೋಟ ಎತ್ತಲು ಆಗಲಿಲ್ಲ. ಐದನೇ ದಿನ ವೆಂಟಿಲೇಟರ್. ಉರಿಯುವ ಬೆಂಕಿಗೆ ನಾನೇ ತುಪ್ಪ ಸುರಿದಿದ್ದೆ. ಆಕೆ ಉಳಿದರು, ಆದರೆ ಮತ್ತೆ ನಡೆಯಲು ಎಂಟು ತಿಂಗಳು ಹಿಡಿಯಿತು. ಹಾಗಾಗಿ ಫೆನಿಟಾಯಿನ್, ಬಾರ್ಬಿಚುರೇಟ್, ಸಲ್ಫಾ ಔಷಧಿಗಳ ಹತ್ತಿರ ಹೋಗಬೇಡಿ. ಫಿಟ್ಸ್‌ಗೆ ಲೆವೆಟಿರಾಸಿಟಂ ಆಗುತ್ತದೆ. ನೋವಿಗೆ ಮಾರ್ಫಿನ್, ವಾಂತಿಗೆ ಒಂಡಾನ್ಸೆಟ್ರಾನ್ ಕೊಡಬಹುದು. ನೋವಿಗೆ ಜಿಪುಣತನ ಮಾತ್ರ ಬೇಡ.

ಖಚಿತವಾದರೆ, ಕಡಿಮೆಯಾದ ಹೀಮ್ ತುಂಬುವ ಹೀಮಿನ್ ಇಂಜೆಕ್ಷನ್: ಕೆಜಿಗೆ 3ರಿಂದ 4 ಮಿಲಿಗ್ರಾಂ, ದಿನಕ್ಕೊಮ್ಮೆ, ನಾಲ್ಕು ದಿನ. ದೊಡ್ಡ ರಕ್ತನಾಳಕ್ಕೇ ಹಾಕಿ, ಸಣ್ಣದಾದರೆ ಊದಿಕೊಳ್ಳುತ್ತದೆ. ಅದು ಕೈಗೆ ಸಿಗುವವರೆಗೆ ಗ್ಲೂಕೋಸ್, ದಿನಕ್ಕೆ 300 ಗ್ರಾಂನಷ್ಟಾದರೂ. ಆದರೆ ಬರೀ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಬಾಟಲಿ ಮೇಲೆ ಬಾಟಲಿ ಏರಿಸಿದರೆ ಸೋಡಿಯಂ ಇನ್ನೂ ಕೆಳಗಿಳಿಯುತ್ತದೆ. ಸಲೈನ್ ಜೊತೆ ಸೇರಿದ್ದನ್ನು ಕೊಡಿ, ಸೋಡಿಯಂ ಆಗಾಗ ನೋಡುತ್ತಿರಿ.

ಒಬ್ಬ ಸರ್ಜನ್

ಮೇಲಿನವರು ಹೇಳಿದ್ದು ಸರಿ. ನಿಮ್ಮ ರೋಗಿಗೆ ಅದೇ ಇರಬಹುದು. ಆದರೆ ಇದನ್ನು ಓದುವ ಬೇರೆಯವರು 'ಮೆತ್ತಗಿನ ಹೊಟ್ಟೆ' ಎಂದರೆ ನಿಧಾನವಾಗಿ ನೋಡಿದರಾಯಿತು ಎಂದುಕೊಳ್ಳಬಾರದು. ರೋಗಿಗೆ 70 ದಾಟಿದೆ, ನಾಡಿ ತಾಳ ತಪ್ಪಿದೆ, ನೋವು ಒಮ್ಮೆಲೇ ಬಂದಿದೆ ಎಂದರೆ ಕರುಳಿನ ರಕ್ತನಾಳಕ್ಕೆ ಹೆಪ್ಪು ಕೂತಿದೆ ಎಂದೇ ಹೊರಡಿ. ಹೊಟ್ಟೆ ಕಲ್ಲಾಗುವ ಹೊತ್ತಿಗೆ ಕರುಳು ಸತ್ತಿರುತ್ತದೆ.

ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಿದ್ದಾಗ ಏರುವ ವಸ್ತು) ನಾರ್ಮಲ್ ಇದೆಯೆಂದು ಒಂದು ರಾತ್ರಿ ನಾವು ಕಾದೆವು. ಶುರುವಿನಲ್ಲಿ ಅದು ನಾರ್ಮಲ್ ಇರುವುದು ಉಂಟು. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನೈನ್ ಸ್ವಲ್ಪ ಜಾಸ್ತಿ ಇತ್ತೆಂದು, ಸ್ಕ್ಯಾನಿನಲ್ಲಿ ರಕ್ತನಾಳ ಕಾಣಲು ಕೊಡುವ ಕಾಂಟ್ರಾಸ್ಟ್ ಔಷಧಿ ಹಾಕಲೂ ಹಿಂದೆಮುಂದೆ ನೋಡಿದೆವು. ಬೆಳಿಗ್ಗೆ ಹೊಟ್ಟೆ ತೆರೆದಾಗ ಉದ್ದಕ್ಕೂ ಕಪ್ಪು. ಹೊಲಿದು ಮುಚ್ಚಿ ಹೊರಗೆ ಬಂದು ಮಗನಿಗೆ ಹೇಳಬೇಕಾಯಿತು. ಈಗ ಅನುಮಾನ ಬಂದ ತಕ್ಷಣ ಸಿಟಿ ಆಂಜಿಯೋ, ಅಂದರೆ ರಕ್ತನಾಳಗಳ ಸ್ಕ್ಯಾನ್. ಕಿಡ್ನಿ ಮಾತು ಆಮೇಲೆ.

ಒಬ್ಬ ರೇಡಿಯಾಲಜಿಸ್ಟ್

ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ. 'ಹೊಟ್ಟೆನೋವು' ಎಂದಷ್ಟೇ ಬರೆದ ಚೀಟಿ ಬಂದರೆ ನಾವೂ ಕತ್ತಲಲ್ಲೇ ತಡಕಾಡುತ್ತೇವೆ. ತೀರಾ ತೆಳ್ಳಗಿನ ವಯಸ್ಸಾದ ಹೆಂಗಸು, ವಾಂತಿ, ಹೊಟ್ಟೆ ಉಬ್ಬರ. ಜೊತೆಗೆ ತೊಡೆಯ ಒಳಬದಿಯಿಂದ ಮಂಡಿವರೆಗೆ ನೋವು, ಕಾಲನ್ನು ಒಳಕ್ಕೆ ತಿರುಗಿಸಿದರೆ ಜಾಸ್ತಿ. ಇದನ್ನು ಬರೆದು ಕಳಿಸಿದರೆ ಆಬ್ಚುರೇಟರ್ ಹರ್ನಿಯಾ (ಸೊಂಟದ ಮೂಳೆಯ ಸಂದಿಯಲ್ಲಿ ಕರುಳು ಸಿಕ್ಕಿಕೊಳ್ಳುವುದು) ಹುಡುಕುತ್ತೇನೆ. ಹೊರಗೆ ಗಂಟು ಕಾಣುವುದಿಲ್ಲ. ನಾನು ನೋಡಿದ ಒಬ್ಬ ಅಜ್ಜಿಗೆ ಎರಡು ವಾರ ಮಂಡಿಗೆ ಮುಲಾಮು ಹಚ್ಚಿದ್ದರು!

ಇದಕ್ಕೆ ಉಲ್ಟಾ ಇನ್ನೊಂದಿದೆ. ದೊಡ್ಡ ಕರುಳಿಗೆ ಅಂಟಿಕೊಂಡ ಕೊಬ್ಬಿನ ಸಣ್ಣ ಜೋಲು ತಿರುಚಿಕೊಂಡು ಊದಿಕೊಳ್ಳುತ್ತದೆ. ಒಂದೇ ಜಾಗ ಬೆರಳಿಟ್ಟು ತೋರಿಸುತ್ತಾರೆ. ಜ್ವರ ಇರುವುದೇ ಕಡಿಮೆ. ಸಿಟಿಯಲ್ಲಿ ಉಂಗುರದ ಒಳಗೆ ಕೊಬ್ಬು ಕಾಣುತ್ತದೆ. ಅದಕ್ಕೆ ಕತ್ತಿಯೂ ಬೇಡ, ಆಂಟಿಬಯೋಟಿಕ್ಕೂ ಬೇಡ. ನೋವಿನ ಮಾತ್ರೆ ಸಾಕು, ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ.

ಐಸಿಯು ನರ್ಸ್

ಮಾತ್ರೆಗಳ ಚೀಲ ತರಿಸಿ ನೋಡಿ. ಡಯಾಬಿಟಿಸ್‌ಗೆ ಕೊಡುವ, ಹೆಸರು 'ಗ್ಲಿಫ್ಲೋಜಿನ್' ಎಂದು ಮುಗಿಯುವ ಮಾತ್ರೆ ಇದ್ದರೆ ಶುಗರ್ ಅಷ್ಟೇನೂ ಏರದಿದ್ದರೂ ಕೀಟೋನ್ (ಹೆಚ್ಚಾದರೆ ರಕ್ತವನ್ನು ಆಮ್ಲೀಯವಾಗಿಸುವ ವಸ್ತು) ನೋಡಲೇಬೇಕು. ವರ್ಷಗಟ್ಟಲೆ ಸ್ಟೀರಾಯ್ಡ್ ತಿಂದು ಒಮ್ಮೆಲೇ ಬಿಟ್ಟವರೂ ಹೊಟ್ಟೆನೋವು, ವಾಂತಿ, ಇಳಿದ ಬಿಪಿ ಎಂದೇ ಬರುತ್ತಾರೆ. ಅವರಿಗೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ತಡಮಾಡದೆ ಹೋಗಬೇಕು.

ಇನ್ನೊಂದು. ಕಟ್ಟುಹಾವು ಇರುವ ಕಡೆ, ನೆಲದ ಮೇಲೆ ಮಲಗಿದವರು ನಸುಕಿನಲ್ಲಿ ಹೊಟ್ಟೆ ಹಿಡಿದುಕೊಂಡು ಎದ್ದರೆ ರೆಪ್ಪೆ ನೋಡಿ. ಕಚ್ಚಿದ ಗುರುತು ಇರುವುದೇ ಇಲ್ಲ ಎನ್ನುವಷ್ಟು ಸಣ್ಣದು. ರೆಪ್ಪೆ ಜೋತು ಬಿದ್ದರೆ ಉಸಿರು ನಿಲ್ಲಲು ಜಾಸ್ತಿ ಹೊತ್ತು ಬೇಕಿಲ್ಲ.

ಪೋರ್ಫೈರಿಯಾ ಇರುವ ಒಬ್ಬರು

ನಾನು ಡಾಕ್ಟರಲ್ಲ, ಮಂಚದ ಕಂಬಿ ಹಿಡಿದವಳು. ರೋಗದ ಹೆಸರು ಗೊತ್ತಾಗಲು ನಾಲ್ಕು ವರ್ಷ ಹಿಡಿಯಿತು. 'ಗಮನ ಸೆಳೆಯಲು ಹೀಗೆ ಮಾಡುತ್ತಾಳೆ' ಎಂದು ಪಕ್ಕದಲ್ಲೇ ನಿಂತು ಮಾತಾಡಿಕೊಂಡಿದ್ದು ಕೇಳಿಸಿತ್ತು. ನೋವಿನಲ್ಲಿ ಕಿವಿ ಮುಚ್ಚಿರುವುದಿಲ್ಲ, ಅಲ್ವಾ? ನಿಮ್ಮ ರೋಗಿಯನ್ನು ಎರಡು ಪ್ರಶ್ನೆ ಕೇಳಿ. ನೋವು ಮುಟ್ಟಿಗೆ ಸ್ವಲ್ಪ ಮುಂಚೆ ಬರುತ್ತದೆಯೇ? ಇತ್ತೀಚೆಗೆ ಊಟ ಬಿಟ್ಟು ತೂಕ ಇಳಿಸಲು ಹೊರಟಿದ್ದರೇ? ನನಗೆ ಎರಡೂ ಹೌದಾಗಿತ್ತು. ಈಗ ತಿನ್ನಬಾರದ ಔಷಧಿಗಳ ಪಟ್ಟಿ ಪರ್ಸಿನಲ್ಲೇ ಇದೆ. ಊಟ ಮಾತ್ರ ತಪ್ಪಿಸುವುದಿಲ್ಲ. ಮನೆಯವರನ್ನೂ ವಿಚಾರಿಸಿ, ಇದು ರಕ್ತಸಂಬಂಧದಲ್ಲಿ ಹರಿದು ಬರುತ್ತದೆ.

ಕೇಳಿದವರು, ಐದು ದಿನದ ನಂತರ

ಕಿಟಕಿಯಲ್ಲಿಟ್ಟ ಬಾಟಲಿ ಸಂಜೆಗೆ ಕಂದಾಗಿತ್ತು. ಸ್ವೀಪರ್ ಅದನ್ನು ಚೆಲ್ಲಲು ಹೊರಟಿದ್ದರು, ಓಡಿಹೋಗಿ ತಡೆದೆ. ಪೋರ್ಫೋಬಿಲಿನೋಜೆನ್ ತುಂಬಾ ಏರಿದೆ. ಹೀಮಿನ್‌ನ ಎರಡನೇ ಡೋಸ್ ಇವತ್ತು ಹೋಯಿತು, ನಾಡಿ 90ಕ್ಕೆ ಬಂದಿದೆ. ಡಯಟ್ ಮಾಡುತ್ತಿದ್ದುದು ನಿಜವಂತೆ. ಆಕೆಯ ಅಕ್ಕನಿಗೂ ಆಗಾಗ ಇಂಥದ್ದೇ ನೋವು ಬರುತ್ತದಂತೆ, ಗ್ಯಾಸ್ ಎಂದು ಮಾತ್ರೆ ನುಂಗುತ್ತಾರಂತೆ. ನಾಳೆ ಬರಲು ಹೇಳಿದ್ದೇನೆ.