ಬಂಗಾಳ ಕೊಲ್ಲಿಯ ಹೂಳು: ನನ್ನ ಲೆಕ್ಕದಲ್ಲಿ ಸಮುದ್ರ ಬೇಗ ತುಂಬಿಹೋಗುತ್ತಿದೆ

ಕೆಸರುಗಂಬ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಪೈಥಾನ್‌ನಲ್ಲಿ ಸಣ್ಣ ಮಾಡೆಲ್ ಬರೆಯುತ್ತಿದ್ದೇನೆ. ಬಂಗಾಳ ಕೊಲ್ಲಿಯ ಅಂಚಿನಲ್ಲಿ ಕೋಟ್ಯಂತರ ವರ್ಷ ಹೂಳು ಹೇಗೆ ಕೂಡಿತು ಅಂತ ನೋಡಬೇಕು. ಸದ್ಯಕ್ಕೆ ಒಂದೇ ಕಂಬ, ಅಂದರೆ ಒಂದೇ ಜಾಗದ ನೀರು ಮತ್ತು ಅದರಡಿಯ ಹೂಳು. ನೀರಿನ ಆಳ 4 ಕಿ.ಮೀ., ಹೂಳು ವರ್ಷಕ್ಕೆ 0.3 ಮಿ.ಮೀ. ಎರಡೂ ನಾನೇ ಇಟ್ಟುಕೊಂಡ ಅಂಕಿ. 1 ಕೋಟಿ 33 ಲಕ್ಷ ವರ್ಷಕ್ಕೆಲ್ಲ ನೀರೇ ಉಳಿಯುವುದಿಲ್ಲ! ಆದರೆ ಕೊಲ್ಲಿಯ ಉತ್ತರದಲ್ಲಿ ಹೂಳಿನ ದಪ್ಪ 16 ಕಿ.ಮೀ.ಗೂ ಜಾಸ್ತಿ. ಇಷ್ಟು ಗುಂಡಿಯಲ್ಲಿ ಅಷ್ಟು ಮಣ್ಣು ಹಿಡಿದದ್ದು ಹೇಗೆ? ಮೂರು ದಿನದಿಂದ ಕೋಡ್‌ನಲ್ಲೇ ತಪ್ಪು ಹುಡುಕುತ್ತಿದ್ದೇನೆ.

ಹಳೇ ಮೇಷ್ಟ್ರು:
ಕೋಡ್ ಸರಿ ಇದೆ ಮಗು, ತಳವನ್ನು ಅಲುಗಾಡದಂತೆ ಕಟ್ಟಿಹಾಕಿದ್ದೀಯ. ಹೊಳೆಯಲ್ಲಿ ಮರಳು ದೋಣಿ ನೋಡಿದ್ದೀಯಲ್ವಾ? ಬುಟ್ಟಿ ಬುಟ್ಟಿ ಸುರಿದಂತೆಲ್ಲ ದೋಣಿ ಇಳಿಯುತ್ತದೆ. ಮ್ಯಾಂಟಲ್ (ಭೂಪದರದ ಕೆಳಗಿನ, ಬಹು ನಿಧಾನವಾಗಿ ಹರಿಯುವ ಬಿಸಿ ಕಲ್ಲಿನ ಪದರ) ಮೇಲಿನ ಭೂಪದರವೂ ಹಾಗೇ. ಸಾಂದ್ರತೆ (ಘನ ಮೀಟರಿಗೆ ಕೆ.ಜಿ.) ಹಾಕಿ ನೋಡು: ಮ್ಯಾಂಟಲ್ 3300, ನೀರು 1030, ಹೂಳು 2400. (3300−1030)÷(3300−2400), ಅಂದರೆ ನೀರಿನ ಆಳದ ಸುಮಾರು 2.5 ಪಟ್ಟು ಹೂಳು. ನಿನ್ನ 4 ಕಿ.ಮೀ. ಗುಂಡಿಗೆ 10 ಕಿ.ಮೀ. ಹೂಳು ಹಿಡಿಯುತ್ತದೆ. ಹೂಳು ಒತ್ತಿ ಒತ್ತಿ ಸರಾಸರಿ 2600 ಆದರೆ ಸುಮಾರು 13. ಇದರ ಮೇಲೆ ಸಾಗರತಳ ತಣ್ಣಗಾಗುತ್ತಾ ತಾನೇ ಕುಸಿಯುತ್ತದೆ, ಅದನ್ನೂ ಸೇರಿಸು.

ತಳಸೋಸಿ:
ಆ 0.3 ಮಿ.ಮೀ. ಹಸಿ ಕೆಸರೋ, ಬರೀ ಕಣವೋ? ಇದನ್ನು ಮೊದಲು ಹೇಳಿ. ಈಗಷ್ಟೇ ಬಿದ್ದ ಕೆಸರಿನಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ನೀರು ಶೇ. 65 ಇದ್ದರೆ ಕಣ 0.105 ಮಿ.ಮೀ. ಮಾತ್ರ. ಆಳಕ್ಕೆ ಹೋಗಿ ನೀರು ಶೇ. 10ಕ್ಕೆ ಇಳಿದಾಗ ಆ ಪದರ 0.12ರ ಒಳಗೆ. ಲೆಕ್ಕವನ್ನೆಲ್ಲ ಕಣದಲ್ಲೇ ಇಡಿ, ದಪ್ಪವನ್ನು ಕೊನೆಗೆ ತೆಗೆಯಿರಿ. ನೀರಿನ ಪಾಲು ಆಳದ ಜೊತೆ ಘಾತೀಯವಾಗಿ ಇಳಿಯುತ್ತದೆ ಅನ್ನುವ 1930ರ ಆಥಿ ಸೂತ್ರ ಸಾಕು.

ಕೆಸರುಗಂಬ:
ಹಸಿ ಕೆಸರೇ. ಅಲ್ಲೇ ಎಡವಿದ್ದೆ. ಮೇಷ್ಟ್ರೇ, ತಳ ಬಿಟ್ಟುಕೊಟ್ಟು ಓಡಿಸಿದೆ, ಈಗ ತುಂಬಲು 3 ಕೋಟಿ 36 ಲಕ್ಷ ವರ್ಷ! ತುಂಬಾ ಖುಷಿಯಾಯಿತು. ಮುಂದೆ ಕಂಬಗಳನ್ನು ಸಾಲಾಗಿ ನಿಲ್ಲಿಸಿ ಡಿಫ್ಯೂಷನ್ ಸಮೀಕರಣ ಹಾಕಿದರೆ ಆಗುತ್ತದಾ?

ತಳಸೋಸಿ:
ದಡದ ಹತ್ತಿರದ ಡೆಲ್ಟಾ ಇಳಿಜಾರಿಗೆ ಆಗುತ್ತದೆ. ಆಳದ ಬಂಗಾಳ ಫ್ಯಾನ್‌ಗೆ (ಸಾಗರತಳದಲ್ಲಿ ಬೀಸಣಿಗೆಯಂತೆ ಹರಡಿದ ಹೂಳಿನ ರಾಶಿ) ಖಂಡಿತ ಬೇಡ. ಡಿಫ್ಯೂಷನ್‌ನಲ್ಲಿ ಮಣ್ಣು ಪಕ್ಕದ ಕಂಬಕ್ಕೆ ಮೆಲ್ಲಗೆ ಜಾರುತ್ತದೆ, ಅಷ್ಟೇ. ಅಲ್ಲಿ ಕೆಸರುನೀರಿನ ಪ್ರವಾಹ ಸಮುದ್ರದೊಳಗಿನ ಕಮರಿಯಿಂದ ನುಗ್ಗಿ, ಕಾಲುವೆ ಹಿಡಿದು ಸಾವಿರಾರು ಕಿ.ಮೀ. ಓಡುತ್ತದೆ. 2015ರಲ್ಲಿ 8 ಡಿಗ್ರಿ ಉತ್ತರದಲ್ಲಿ, ಅಂದರೆ ಶ್ರೀಲಂಕಾದ ನೇರಕ್ಕೆ, ಏಳು ಕಡೆ ಕೊರೆದಾಗ ಸಿಕ್ಕಿದ್ದು ಹಿಮಾಲಯದ ಮರಳು. ಆ ಕಾಲುವೆಗಳೂ ಆಗಾಗ ಜಾಗ ಬದಲಿಸುತ್ತವೆ. ಅದಕ್ಕೆ ಬೇರೆಯೇ ನಿಯಮ ಬರೆಯಬೇಕು.