ಬಂಗಲೆ ಕೆಡವಿದ ಜಾಗದಲ್ಲಿ ಹಳೇ ಪಾಯ ಸಿಕ್ಕಿದೆ, ಏನೇನು ಬರೆದಿಡಲಿ?

ವೈಟ್‌ಫೀಲ್ಡ್ ಧೂಳು
ನಮಸ್ಕಾರ. ನಾನು ಸೈಟ್ ಇಂಜಿನಿಯರ್. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ತೋಟದ ಮಧ್ಯೆ ಇದ್ದ ಒಂದು ಹಳೇ ಬಂಗಲೆ, ನಾನು ಕೆಲಸಕ್ಕೆ ಸೇರುವ ಹೊತ್ತಿಗೇ ಕೆಡವಿ ಆಗಿತ್ತು. ಈಗ ಬೇಸ್‌ಮೆಂಟ್‌ಗೆ ಮಣ್ಣು ತೆಗೆಯುತ್ತಿದ್ದೇವೆ. ಮಂಗಳವಾರ ಎರಡಡಿ ಕೆಳಗೆ ಸೈಜುಗಲ್ಲಿನ ಪಾಯ ಸಿಕ್ಕಿತು. ಜೆಸಿಬಿ ಹಾಕಿ ಎಳೆದರೆ ಕಲ್ಲು ಒಡೆಯಿತೇ ಹೊರತು ಗಾರೆ ಬಿಡಲಿಲ್ಲ. ಹಿತ್ತಲ ಕಡೆ ಬೂದಿ ಮಣ್ಣು ತುಂಬಿದ ಗುಂಡಿ ಇದೆ. ಅದರಲ್ಲಿ ಪಿಂಗಾಣಿ ಚೂರು, ಮೂಳೆ, ಒಂದು ಗೋಲಿ ಸೋಡಾ ಬಾಟಲಿ. ಗೋಲಿ ಒಳಗೇ ಇದೆ, ಅಲ್ಲಾಡಿಸಿದರೆ ಟಣ್ ಅನ್ನುತ್ತದೆ! ಒಂದು ಮಂಗಳೂರು ಹೆಂಚಿನ ಮೇಲೆ 1865 ಅಂತ ಅಚ್ಚಿದೆ. ಮನೆ ಅದೇ ವರ್ಷದ್ದು ಅಂತ ಓನರ್ ನೆಂಟರಿಗೆಲ್ಲ ಫೋನ್ ಮಾಡುತ್ತಿದ್ದಾರೆ. ಶನಿವಾರದವರೆಗೆ ಆ ಮೂಲೆ ಮುಟ್ಟಲ್ಲ ಅಂದಿದ್ದಾರೆ. ಅಷ್ಟರಲ್ಲಿ ಏನು ಮಾಡಲಿ?

ಹಳೇಕಲ್ಲು
ಮೊದಲು ಓನರ್ ಕೈಯಿಂದ ಫೋನ್ ಕಿತ್ತುಕೊಳ್ಳಿ. 1865 ಅಂದರೆ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೂ ಅದನ್ನೇ ಅಚ್ಚೊತ್ತುತ್ತಿದ್ದರು. ವೈಟ್‌ಫೀಲ್ಡ್ ಊರಾದದ್ದೇ 1882ರಲ್ಲಿ, ಮೈಸೂರು ಮಹಾರಾಜರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಜಮೀನು ಕೊಟ್ಟ ಮೇಲೆ. ಬಾಟಲಿಗೆ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಪಡೆದದ್ದು 1872ರಲ್ಲಿ, ಆದರೆ ನಮ್ಮಲ್ಲಿ ನಾನು ಚಿಕ್ಕವನಿದ್ದಾಗಲೂ ಅದರಲ್ಲೇ ಸೋಡಾ ಕುಡಿದಿದ್ದೇನೆ. ಗುಂಡಿಯಲ್ಲಿ ಎಲ್ಲಕ್ಕಿಂತ ಹೊಸ ವಸ್ತು ಯಾವುದು ನೋಡಿ. ಗುಂಡಿ ಮುಚ್ಚಿದ್ದು ಅದಕ್ಕಿಂತ ಹಿಂದೆ ಇರಲು ಸಾಧ್ಯವಿಲ್ಲ.

ನಾನು ಇಂಗ್ಲೆಂಡಿನಲ್ಲಿ ಎರಡು ವರ್ಷ ಇಂಥ ಸೈಟುಗಳಲ್ಲಿ ಪುರಾತತ್ವದ ಕೆಲಸ ಮಾಡಿದವನು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಹಳ್ಳಿಗಾಡಿನ ನೂರಾರು ದೊಡ್ಡ ಬಂಗಲೆಗಳನ್ನು ಕೆಡವಿದರು. ಈಗ ಅಂಥ ಜಾಗದಲ್ಲಿ ಕಟ್ಟಲು ಪರ್ಮಿಷನ್ ಕೊಡುವಾಗ, ಮಣ್ಣು ತೆಗೆಯುವಷ್ಟು ದಿನ ಪುರಾತತ್ವದವರು ನಿಂತು ನೋಡಬೇಕು ಅಂತ ಷರತ್ತು ಹಾಕುತ್ತಾರೆ. 1990ರ ಸರ್ಕಾರಿ ಮಾರ್ಗಸೂಚಿ ಬಂದಾಗಿನಿಂದ ಇದು ಮಾಮೂಲಿ. ಖರ್ಚು ಕಟ್ಟಿಸುವವರದು. ನನ್ನ ಕೆಲಸ ಅಂದರೆ ಮಳೆಯಲ್ಲಿ ಸುಮ್ನೆ ನಿಂತು ಜೆಸಿಬಿಯ ಬಕೆಟ್ ನೋಡೋದು. ಆ ಬಕೆಟ್‌ಗೆ ಹಲ್ಲು ಇರಬಾರದು. ಹಲ್ಲಿದ್ದರೆ ನೆಲ ಉತ್ತ ಹಾಗಾಗುತ್ತದೆ, ಏನೂ ಕಾಣಲ್ಲ. ಚಪ್ಪಟೆ ಅಂಚಿನಿಂದ ನಾಲ್ಕು ನಾಲ್ಕು ಇಂಚು ಕೆರೆದರೆ, ಯಾರೋ ಯಾವಾಗಲೋ ಕಲ್ಲು ಕಿತ್ತು ಸಾಗಿಸಿದ ಗೋಡೆಯ ಜಾಗ ಕೂಡ ಬೇರೆ ಬಣ್ಣದ ಪಟ್ಟಿಯಾಗಿ ಎದ್ದು ಕಾಣುತ್ತದೆ.

ಗುಂಡಿ ಪೂರ್ತಿ ಬಗೆಯಬೇಡಿ. ಅರ್ಧ ತೆಗೆದು ಉಳಿದರ್ಧ ನೆಟ್ಟಗೆ ನಿಲ್ಲಿಸಿ, ಪದರ ಕಾಣುತ್ತದೆ. ಲೆವೆಲಿಂಗ್ ಸ್ಟಾಫ್ (ಅಳತೆ ಗುರುತಿನ ಕೋಲು) ಪಕ್ಕಕ್ಕಿಟ್ಟು ಫೋಟೋ ತೆಗೆಯಿರಿ. ಪದರಕ್ಕೊಂದು ಕವರ್, ಮೇಲೆ ನಂಬರ್. ಪಾಯದ ಮೂಲೆಗಳನ್ನು ನಿಮ್ಮ ಸರ್ವೆ ಯಂತ್ರ ಟೋಟಲ್ ಸ್ಟೇಷನ್‌ನಲ್ಲೇ ಹಿಡಿಯಿರಿ.

ಮೇಸ್ತ್ರಿ ಮಗ
ಗಾರೆ ಒಂದು ಹಿಡಿ ಎತ್ತಿಡಿ ಸಾರ್. ಕೆಂಪು ಚುಕ್ಕೆ ಇದ್ದರೆ ಇಟ್ಟಿಗೆ ಪುಡಿ ಹಾಕಿ ಅರೆದದ್ದು. ಒಂದು ಕಡೆ ಸುಣ್ಣದ ಗಾರೆ, ಇನ್ನೊಂದು ಕಡೆ ಸಿಮೆಂಟ್ ಇದ್ದರೆ ಮನೆಗೆ ಆಮೇಲೆ ಕೋಣೆ ಸೇರಿಸಿದ್ದಾರೆ ಅಂತ ಲೆಕ್ಕ.

ದಾಖಲೆಪ್ರಿಯೆ
ಹೂತಿಟ್ಟ ನಾಣ್ಯ, ಒಡವೆ ಸಿಕ್ಕರೆ ಮಾತ್ರ ಫೋಟೋ ತೆಗೆದು ಸುಮ್ಮನಾಗಬೇಡಿ. 1962ರ ಕರ್ನಾಟಕ ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಅಕ್ಷರ ಇರುವ ಕಲ್ಲು ಕಂಡರೆ ಟಿಪ್ಪರ್ ನಿಲ್ಲಿಸಿ. ಹೆಬ್ಬಾಳದಲ್ಲಿ 8ನೇ ಶತಮಾನದ ಕಿತ್ತಯ್ಯನ ಶಾಸನ ಸಿಕ್ಕಿದ್ದು 2018ರಲ್ಲಿ, ಚರಂಡಿ ಅಗೆಯುವಾಗ.

ವೈಟ್‌ಫೀಲ್ಡ್ ಧೂಳು
ಎಲ್ಲರಿಗೂ ಥ್ಯಾಂಕ್ಸ್. ಹಲ್ಲಿಲ್ಲದ ಬಕೆಟ್ ಸಿಗಲಿಲ್ಲ, ಡ್ರೈವರ್ ಹಲ್ಲುಗಳಿಗೆ ಅಡ್ಡ ಒಂದು ಪ್ಲೇಟ್ ವೆಲ್ಡ್ ಮಾಡಿಸಿಕೊಂಡು ಬಂದ. ಕೆರೆದರೆ ಕೆಂಪು ಮಣ್ಣಿನಲ್ಲಿ ಎರಡಡಿ ಅಗಲದ ಕಪ್ಪು ಪಟ್ಟಿ, ನೇರವಾಗಿ ಹೋಗಿ ತಿರುಗಿದೆ. ಒಂದು ಕೋಣೆ! ಗುಂಡಿಯನ್ನೂ ಅರ್ಧ ತೆಗೆದೆ. ತೀರ ತಳದಲ್ಲಿ, ಮೂಳೆಗಳ ಕೆಳಗೆ, ನೀಲಿ ಪ್ಲಾಸ್ಟಿಕ್ ಪೆನ್ ಕ್ಯಾಪ್ ಸಿಕ್ಕಿತು. ಓನರ್‌ಗೆ ಇನ್ನೂ ಹೇಳಿಲ್ಲ.